ಎಲ್ಲರಿಗೂ ರಾಜನ ಹಾಳೆ ಯಾಕೆ?

ನಮ್ಮ ಊರಿನ ಹವ್ಯಾಸಿ ತಂಡ ಈ ಸಲ ನಾಟಕಕ್ಕೆ ಆಡಿಷನ್ ಇಟ್ಟಿತ್ತು. ಒಳ್ಳೆಯದೇ. ಮೊದಲೆಲ್ಲ ಹಿರಿಯರು ಕೂತು ಪಾತ್ರ ಹಂಚುತ್ತಿದ್ದರು. ಕಳೆದ ಸಲ ರಾಜ ಆದವರೇ ಈ ಸಲವೂ ರಾಜ, ಕಿರೀಟ ಅವರ ತಲೆಯ ಅಳತೆಯದ್ದೇ ಅಲ್ವಾ! ಈಗ ಯಾರು ಬೇಕಾದರೂ ಹೋಗಿ ನಿಲ್ಲಬಹುದು. ನಾನೂ ಹೋಗಿ ನಿಂತೆ. ಆದರೆ ಆಡಿಷನ್ ಮಾಡಿದ ರೀತಿಯ ಬಗ್ಗೆ ನನ್ನದೊಂದು ತಕರಾರು ಉಂಟು.

ನಾಟಕ ನಮ್ಮ ಕಾಸರಗೋಡಿನ ಬೇಕಲ ಕೋಟೆ ಕಟ್ಟಿದ ಕಾಲದ್ದು. ಗಂಡಸರಿಗೆಲ್ಲ ಅದನ್ನು ಕಟ್ಟಿಸಿದ ರಾಜ ಶಿವಪ್ಪ ನಾಯಕನ ಮಾತು ಬರೆದ ಒಂದೇ ಹಾಳೆ. ಹೆಂಗಸರಿಗೆಲ್ಲ ರಾಣಿ ಅಳುವ ಹಾಳೆ. ಸ್ವಲ್ಪ ಹೊತ್ತು ಬಾಯಿಪಾಠ ಮಾಡಿ ಬಂದು ಹೇಳಬೇಕು. ಬಂದವರೆಲ್ಲ ಕಿರುಚಿದರು. ಎದುರು ಕೂತವರೋ, "ಇನ್ನೂ ಸ್ವಲ್ಪ ಏರಿಸಿ ಮಾರಾಯ್ರೆ, ರಾಜ ಅಲ್ವಾ ನೀವು" ಅನ್ನುತ್ತಿದ್ದರು. ನಾವು ಹೆಂಗಸರು ಸಾಲಾಗಿ ಅತ್ತು ಬಂದೆವು.

ರಾಜ ಗರ್ಜಿಸಲೇಬೇಕಾ? ಶಿವಪ್ಪ ನಾಯಕ ಕೆಳದಿಯನ್ನು ಆಳಿದ್ದು 1645ರಿಂದ 1660ರವರೆಗೆ. ಯುದ್ಧ ಮಾಡಿದ, ಕೋಟೆ ಕಟ್ಟಿಸಿದ, ನಿಜ. ಆದರೆ ಜನ ಇವತ್ತಿಗೂ ಅವನನ್ನು ನೆನಪಿಡುವುದು ಅವನು ತಂದ ಶಿಸ್ತಿಗೆ, ಅಂದರೆ ಕಂದಾಯದ ಪದ್ಧತಿಗೆ. ಮಣ್ಣಿನ ಗುಣ ನೋಡಿ, ಬೆಳೆ ನೋಡಿ ಕಂದಾಯ ಗೊತ್ತು ಮಾಡಿದ ಲೆಕ್ಕದ ಮನುಷ್ಯ ಅವನು. ಅಂಥವನು ಮೆಲ್ಲಗೆ ಒಂದು ಪ್ರಶ್ನೆ ಕೇಳಿದರೆ ಸಾಕು, ಶಾನುಭೋಗರಿಗೆ ಬೆವರು ಬಂದಿರಬೇಕು. ಆ ಮೆಲ್ಲಗಿನ ದನಿ ಯಾರಲ್ಲಿ ಉಂಟು ಅಂತ ಈ ಹಾಳೆಯಿಂದ ಗೊತ್ತಾಗುವುದಿಲ್ಲ.

ಇನ್ನು ಕೋಟೆಯ ವಿಷಯ. ಬೇಕಲಕ್ಕೆ ಹೋದವರೆಲ್ಲ ನೋಡಿದ್ದೀರಿ. ಸುಮಾರು 40 ಎಕರೆ ಜಾಗ, ಒಳಗೆ ಒಂದು ಅರಮನೆ ಇಲ್ಲ. ಕಾವಲಿಗೆಂದೇ ಕಟ್ಟಿದ್ದು ಅದು. ಸಮುದ್ರದ ಕಡೆ ಬುರುಜು, ದೂರದ ಶತ್ರುವಿಗೆ ಗುಂಡು ಹೊಡೆಯಲು ಒಂದು ಕಿಂಡಿ, ಹತ್ತಿರ ಬಂದವರಿಗೆ ಇನ್ನೊಂದು ಕಿಂಡಿ, ಕೋವಿಮದ್ದು ಇಡುವ ಮನೆ, ಮೆಟ್ಟಿಲಿಳಿದು ಹೋಗುವ ಕೆರೆ. ಅಂದಮೇಲೆ ಅಲ್ಲಿ ದಿನಾ ಇದ್ದವರು ಯಾರು? ಕಾವಲಿನವರು, ಮುರಕಲ್ಲು ಕಡಿದವರು, ನೀರು ಹೊತ್ತವರು. ನಮ್ಮ ನಾಟಕದಲ್ಲೂ ಅವರದ್ದೇ ದೃಶ್ಯ ಜಾಸ್ತಿ. ಆದರೆ ಆ ಪಾತ್ರಗಳಿಗೆ ಆಡಿಷನ್ನೇ ಇಲ್ಲ! ರಾಜನ ಹಾಳೆಯಲ್ಲಿ ಸೋತವರಿಗೆ ಕೊನೆಗೆ ಹಂಚಿದರು. ಅಷ್ಟೊತ್ತಿಗೆ ಅರ್ಧ ಜನ ಮುಖ ಸಪ್ಪೆ ಮಾಡಿಕೊಂಡು ಬಸ್ಸು ಹತ್ತಿ ಆಗಿತ್ತು.

ಯಕ್ಷಗಾನದ ಪ್ರಸಂಗ ಬರೆದ ಪಾರ್ತಿಸುಬ್ಬನ ಕುಂಬಳೆ ಇರುವ ನೆಲ ಇದು. ವೇಷ, ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ ತಾಳಮದ್ದಳೆ. ಅದರಲ್ಲಿ ಪಾತ್ರದ ಮಾತು ಹೇಳುವ ಅರ್ಥಧಾರಿಗೆ ಯಾರಾದರೂ ಡೈಲಾಗ್ ಬರೆದು ಕೊಡುತ್ತಾರಾ? ಭಾಗವತರು ಪದ್ಯ ಹಾಡಿ ನಿಲ್ಲಿಸುತ್ತಾರೆ, ಆಮೇಲೆ ಮಾತು ಇವರದ್ದು. ಎದುರಿನವರು ಏನು ಹೇಳಿದರು ಅಂತ ಕಿವಿಗೊಟ್ಟು ಕೇಳಿ ಅಲ್ಲಲ್ಲೇ ಉತ್ತರ ಕಟ್ಟಬೇಕು. ಇಂಥ ಕಲೆ ಮನೆಬಾಗಿಲಲ್ಲಿ ಇರುವಾಗ ನಾವು ಸುಮ್ನೆ ಹಾಳೆ ಹಂಚುತ್ತಾ ಕೂತಿದ್ದೇವೆ.

ನಾನಾದರೆ ಇಬ್ಬರನ್ನು ನಿಲ್ಲಿಸುತ್ತಿದ್ದೆ. ಒಬ್ಬ ಬುರುಜಿನ ಕಾವಲಿನವ. ಆಟಿ ತಿಂಗಳ ಮಳೆಯ ರಾತ್ರಿ, ಕೋವಿಮದ್ದೆಲ್ಲ ಒದ್ದೆ. ಇನ್ನೊಬ್ಬ ತನಿಖೆಗೆ ಬಂದ ಅಧಿಕಾರಿ. ಮಾತಾಡಿ ನೋಡುವ. ಯಾರು ಎದುರಿನವರ ಮಾತು ಕೇಳಿಸಿಕೊಳ್ಳುತ್ತಾರೆ, ಯಾರು ತನ್ನ ಸರದಿಗೆ ಮಾತ್ರ ಕಾಯುತ್ತಾರೆ ಅಂತ ಕೂಡಲೇ ಗೊತ್ತಾಗುತ್ತದೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಮಾತಾಡುವವರು, ಮಲಯಾಳಂ ಮೀಡಿಯಂನಲ್ಲಿ ಓದಿದ ಮಕ್ಕಳು, ಇವರೆಲ್ಲ ಹಾಳೆಯ ಕನ್ನಡ ನೋಡಿಯೇ ಹಿಂದೆ ಸರಿಯುತ್ತಾರೆ. ಹೀಗೆ ಮಾಡಿದರೆ ಅವರೂ ಬಾಯಿ ಬಿಡುತ್ತಾರೆ. ಉಚ್ಚಾರ ಆಮೇಲೆ ತಿದ್ದಬಹುದು. (ಅರ್ಥಗಾರಿಕೆ ಅಭ್ಯಾಸ ಇದ್ದವರು ಬಂದರೆ ಮಾತ್ರ ಗಡಿಯಾರ ಇಟ್ಟುಕೊಳ್ಳಿ. ಶುರು ಮಾಡಿದರೆ ಬೆಳಗಾದರೂ ಮುಗಿಸಲಿಕ್ಕಿಲ್ಲ.)

"ಕೊನೆಗೆ ಬಾಯಿಪಾಠ ಮಾಡಲೇಬೇಕಲ್ಲ ಅಕ್ಕ" ಅಂದರು ತಂಡದವರೊಬ್ಬರು. ಮಾಡಬೇಕು. ಅದಕ್ಕೆ ರಿಹರ್ಸಲ್ ಉಂಟಲ್ಲ?

ನನಗೆ ಎಂತ ಪಾತ್ರ ಸಿಕ್ಕಿತು ಅಂತ ಕೇಳುವವರಿಗೆ: ರಾಣಿಯ ಸಖಿ, ಎರಡು ಮಾತು. ರಿಹರ್ಸಲ್ ಮುಂದಿನ ಭಾನುವಾರದಿಂದ. ಕಾವಲಿನವರ ಪಾತ್ರಕ್ಕೆ ಇನ್ನೂ ಜನ ಬೇಕಂತೆ. ಬರುವವರು ಇನ್‌ಬಾಕ್ಸಿನಲ್ಲಿ ಹೇಳಿ.