ಕಾರ್ಬುರೇಟರ್‌ಗಿಂತ ಮೊದಲು ಆಯಿಲ್ ಸೀಲ್ ನೋಡಿ
ವರ್ಷಗಟ್ಟಲೆ ನಿಂತ ಹಳೆ ಟೂ-ಸ್ಟ್ರೋಕ್ ಯೆಜ್ಡಿ ಬೈಕಿಗೆ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ತೊಳೆದು ಕಿಕ್ ಹೊಡೆದರೆ ಸಾಕು ಅಂತ ಲೇಖನವೊಂದರಲ್ಲಿದೆ. ಸ್ಟಾರ್ಟೇನೋ ಆಗುತ್ತೆ, ಆದರೆ ಬಳ್ಳಾರಿಯ ಮೇ ಬಿಸಿಲಲ್ಲಿ ಪಿಸ್ಟನ್ ಸಿಲಿಂಡರಲ್ಲಿ ಹಿಡ್ಕೊಳ್ಳುತ್ತೆ (ಸೀಜ್). ಕಾರಣ, ನಿಂತಲ್ಲೇ ಕ್ರ್ಯಾಂಕ್ ಆಯಿಲ್ ಸೀಲ್ (ಇಂಜಿನ್ ಕ್ರ್ಯಾಂಕಿನ ಎರಡೂ ಬದಿ ಇರುವ ರಬ್ಬರ್ ಉಂಗುರ) ಗಟ್ಟಿಯಾಗಿರುತ್ತದೆ. ಬಲಗಡೆಯದು ಸೋತರೆ ಹೊರಗಾಳಿ ಒಳಗೆ ನುಗ್ಗಿ ಪೆಟ್ರೋಲ್-ಗಾಳಿ ಮಿಶ್ರಣ ತೆಳುವಾಗಿ ಇಂಜಿನ್ ಅತಿಯಾಗಿ ಕಾಯುತ್ತದೆ; ಆಕ್ಸಿಲರೇಟರ್ ಬಿಟ್ಟರೂ ಆರ್‌ಪಿಎಂ ಇಳಿಯಲ್ಲ. ಎಡಗಡೆಯದು ಸೋತರೆ ಗೇರ್ ಆಯಿಲ್ ಎಳೆದುಕೊಂಡು ಬಿಳಿ ಹೊಗೆ ಉಗುಳುತ್ತದೆ. ಇಂಜಿನ್ ಬಿಚ್ಚಿದ ಮೇಲೆ ಎರಡೂ ಬದಲಿಸಿ, ಅಲ್ಲಿ ಜಿಪುಣತನ ಬೇಡ.

ಪಾಯಿಂಟ್ ಗ್ಯಾಪ್ (ಇಗ್ನಿಷನ್ ಕಾಂಟ್ಯಾಕ್ಟ್ ಪಾಯಿಂಟುಗಳ ನಡುವಿನ ಸಂದು) 0.4 ಮಿಮೀ. ಹೊಸ ಪಿಸ್ಟನ್ ಹಾಕಿದ್ದರೆ ಮೊದಲು ಲೀಟರ್ ಪೆಟ್ರೋಲಿಗೆ 50 ಮಿಲಿ ಟುಟಿ (ಟೂ-ಸ್ಟ್ರೋಕ್) ಆಯಿಲ್, ಪಳಗಿದ ಮೇಲೆ 40. ಸೈಲೆನ್ಸರ್ ಒಳಕೊಳವೆಯ ಮಸಿಗೆ ಕಾಸ್ಟಿಕ್ ಸೋಡಾ ಸರಿ, ಅಲ್ಯೂಮಿನಿಯಂ ಭಾಗಕ್ಕೆ ಮಾತ್ರ ತಾಗಿಸಬೇಡಿ, ತಿಂದುಬಿಡುತ್ತೆ. ಸಂಡೂರು ಕಡೆ ಅದಿರು ಲಾರಿ ಹಿಂದೆ ಓಡಿಸುವವರು ಏರ್ ಫಿಲ್ಟರ್ ರಬ್ಬರಲ್ಲಿ ಬಿರುಕಿದೆಯೇ ನೋಡಿ. ಆ ಕೆಂಧೂಳು ಒಳಗೆ ಹೋದರೆ ಬೋರಿಗೆ (ಸಿಲಿಂಡರ್ ಒಳಗೋಡೆಗೆ) ಉಪ್ಪುಕಾಗದ ಉಜ್ಜಿದಂತೆ.