ಗಲಿಲಾಯದ ಬಿರುಗಾಳಿ ಪೇಂಟಿಂಗ್ ಇನ್ನೂ ಸಿಕ್ಕಿಲ್ಲ ರೀ

ಡಚ್ ಚಿತ್ರಕಾರ ರೆಂಬ್ರಾಂಟ್ 1633ರಲ್ಲಿ ಬರೆದ ಗಲಿಲಾಯ ಸಮುದ್ರದ ಬಿರುಗಾಳಿ ಚಿತ್ರ ವಾಪಸ್ ಸಿಕ್ತು, ಬಾಸ್ಟನ್‌ಗೆ ಹೋದ್ರೆ ನೋಡ್ಬಹುದು ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ, ಸುಳ್ಳು ಅದು. 1990ರ ಮಾರ್ಚ್ 18ರ ನಡುರಾತ್ರಿ ಪೊಲೀಸ್ ಡ್ರೆಸ್ಸಲ್ಲಿ ಬಂದ ಇಬ್ಬರು ಬಾಸ್ಟನ್‌ನ ಇಸಬೆಲ್ಲಾ ಸ್ಟುವರ್ಟ್ ಗಾರ್ಡ್ನರ್ ಮ್ಯೂಸಿಯಂನ ಗಾರ್ಡ್‌ಗಳನ್ನ ಕಟ್ಟಿಹಾಕಿ, ಇದನ್ನ ಫ್ರೇಮಿಂದ ಕೊಯ್ದು, ಒಟ್ಟು 13 ಕಲಾಕೃತಿ ಹೊತ್ಕೊಂಡು ಹೋದ್ರು, ಒಂದೂ ವಾಪಸ್ ಬಂದಿಲ್ಲ. ಅಲ್ಲೀಗ ನೇತಾಡ್ತಿರೋದು ಬರೀ ಫ್ರೇಮ್.

ಚಿತ್ರದ ದೋಣೀಲಿ 13 ಜನ ಇದಾರೆ ಅಂತ ಆ ಫಾರ್ವರ್ಡ್‌ನಲ್ಲಿ ಅಂದಿರೋದೂ ತಪ್ಪು. ಯೇಸು, 12 ಶಿಷ್ಯರು, ಜೊತೆಗೆ ಇನ್ನೊಬ್ಬ, ಎಣಿಸಿ ನೋಡಿ 14 ಆಗುತ್ತೆ. ಒಂದು ಕೈಲಿ ಹಗ್ಗ, ಇನ್ನೊಂದ್ರಲ್ಲಿ ಟೋಪಿ ಹಿಡ್ಕೊಂಡು ನಮ್ಮ ಕಡೆಗೇ ನೋಡ್ತಾನಲ್ಲ, ಅವನು ರೆಂಬ್ರಾಂಟೇ ಅಂತಾರೆ (ಘಾಟಿ ಆಸಾಮಿ!). ಅಂದಹಾಗೆ, ಕೃತಿಗಳು ಸಿಗೋ ಹಾಗೆ ಸುಳಿವು ಕೊಟ್ಟೋರಿಗೆ ಮ್ಯೂಸಿಯಂ 1 ಕೋಟಿ ಡಾಲರ್ ಬಹುಮಾನ ಇಟ್ಟಿದೆ.