ಮಕ್ಕಳ ಜ್ವರದ ಸಿರಪ್: ನನ್ನ ಸಂದೇಶದಲ್ಲಿ ತಪ್ಪಿದೆ

‘ಹತ್ತು ಕಿಲೋ ತೂಕದ ಮಗುವಿಗೆ ಜ್ವರ ಬಂದರೆ ಪ್ಯಾರಾಸಿಟಮಾಲ್ 5 ಮಿ.ಲೀ. ಕೊಡಿ’ ಎಂದು ನಾನು ನಮ್ಮ ಬಂಧುಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದಿದ್ದೆ. ಅದು ಈಗ ಬೇರೆ ಗುಂಪುಗಳಿಗೂ ಹೋಗಿದೆ. ಆ ಮಾತು ತಪ್ಪು. ಯಾವ ಬಾಟಲಿ ಎಂದು ಹೇಳದೆ ಮಿ.ಲೀ. ಲೆಕ್ಕ ಹೇಳಲೇಬಾರದಿತ್ತು.

ನಮ್ಮ ಔಷಧದ ಡಬ್ಬಿಯಲ್ಲೇ ಮೂರು ಬಗೆ ಇವೆ. ಒಂದರ ಲೇಬಲ್ಲಿನಲ್ಲಿ 5 ಮಿ.ಲೀ.ಗೆ 120 ಮಿ.ಗ್ರಾಂ, ಇನ್ನೊಂದರಲ್ಲಿ ಅಷ್ಟೇ ಸಿರಪ್ಪಿಗೆ 250. ಪುಟ್ಟ ಡ್ರಾಪ್ಸ್ ಬಾಟಲಿಯಲ್ಲಿ ಒಂದೇ ಮಿ.ಲೀ.ಗೆ 100! ವೈದ್ಯರು ಸಾಮಾನ್ಯವಾಗಿ ಒಂದು ಸಲಕ್ಕೆ, ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿ.ಗ್ರಾಂ ಲೆಕ್ಕ ಹಿಡಿಯುತ್ತಾರೆ. ಹತ್ತು ಕಿಲೋ ಮಗುವಿಗೆ ಹೆಚ್ಚೆಂದರೆ 150. ನನ್ನ ಮಾತು ನಂಬಿ ಡ್ರಾಪ್ಸನ್ನು 5 ಮಿ.ಲೀ. ಕುಡಿಸಿದರೆ ಹೊಟ್ಟೆಗೆ ಹೋಗುವುದು 500 ಮಿ.ಗ್ರಾಂ. ಪ್ರಮಾಣ ಮೀರಿದ ಪ್ಯಾರಾಸಿಟಮಾಲ್ ಯಕೃತ್ತಿಗೆ ಪೆಟ್ಟು ಕೊಡುತ್ತದೆ, ಮೊದಲ ದಿನ ಮಗು ಚೆನ್ನಾಗಿಯೇ ಕಾಣಬಹುದು. ಹಾಗೆ ಯಾರಾದರೂ ಕೊಟ್ಟಿದ್ದರೆ ಲಕ್ಷಣಕ್ಕೆ ಕಾಯದೆ ಬಾಟಲಿ ಸಮೇತ ಆಸ್ಪತ್ರೆಗೆ ಹೋಗಿ.

ಎರಡು ಡೋಸುಗಳ ನಡುವೆ ಕನಿಷ್ಠ ನಾಲ್ಕು ಗಂಟೆ ಬಿಡಿ, ದಿನಕ್ಕೆ ನಾಲ್ಕು ಸಲ ಮೀರಬೇಡಿ. ಅಡುಗೆಮನೆಯ ಚಮಚ ಬೇಡ, ಬಾಟಲಿಯ ಜೊತೆ ಬಂದ ಅಳತೆಯನ್ನೇ ಬಳಸಿ. ನೆಗಡಿಯ ಸಿರಪ್ ಕೂಡ ಕೊಡುತ್ತಿದ್ದರೆ ಅದರ ಲೇಬಲ್ಲನ್ನೂ ಓದಿ, ಅನೇಕವುಗಳಲ್ಲಿ ಇದೇ ಔಷಧ ಸೇರಿರುತ್ತದೆ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ನೇರ ವೈದ್ಯರ ಬಳಿಗೇ ಹೋಗಬೇಕು.

ದಯವಿಟ್ಟು ಹಳೆಯ ಸಂದೇಶವನ್ನು ಇನ್ನು ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ, ಅದೇ ಗುಂಪಿಗೆ ಈ ತಿದ್ದುಪಡಿಯನ್ನು ಹಾಕಿ.